ಕೆಂಪು ಗೆರೆಯ ಗುಳಿಗೆ: ಆಶಾ ಅಕ್ಕನಿಗೆ ತಿಳಿದರೆ ಮನೆಗೆಲ್ಲ ತಿಳಿದಂತೆ

ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದೀತು. ಬಿಸ್ಕತ್ತಿನದೋ ಖರ್ಜೂರದ್ದೋ ಹಳೆಯ ಡಬ್ಬಿ. ಫ್ರಿಜ್ಜಿನ ಮೇಲೆ ಅಥವಾ ಅಲಮಾರಿನ ಎತ್ತರದ ಹಲಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಟ್ಟಿರುತ್ತೀರಿ. ಅದರೊಳಗೆ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಗಳು, ತಳದಲ್ಲಿ ಸ್ವಲ್ಪ ಉಳಿದ ಸಿರಪ್ಪಿನ ಬಾಟಲಿ, ಹೆಸರು ಅಳಿಸಿಹೋದ ಒಂದು ಮುಲಾಮು. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಮೊದಲು ಕೆಳಗಿಳಿಯುವುದು ಆ ಡಬ್ಬಿಯೇ. "ಹೋದ ಸಲ ಈ ಗುಳಿಗೆಯಲ್ಲೇ ಆರಾಮಾಗಿತ್ತು" ಎನ್ನುತ್ತಾ ಎರಡು ಗುಳಿಗೆ ಮುರಿದು ಕೊಡುತ್ತೇವೆ. ಪಕ್ಕದ ಮನೆಯವರು ಕೇಳಿದರೆ ಅವರಿಗೂ ಕೊಡುತ್ತೇವೆ. ಇದನ್ನು ಬರೆಯುತ್ತಿರುವ ನಾನೂ ದೊಡ್ಡ ಮಗುವಿಗೆ ತಂದು ಉಳಿದಿದ್ದ ಸಿರಪ್ಪನ್ನು ಚಿಕ್ಕದಕ್ಕೆ ಕುಡಿಸಿದವಳೇ. ಆದ್ದರಿಂದ ಇಲ್ಲಿ ಯಾರನ್ನೂ ಬೈಯುವ ಉದ್ದೇಶವಿಲ್ಲ.

ಡಬ್ಬಿಯಲ್ಲಿ ಬೇಕಾದ ಗುಳಿಗೆ ಸಿಗದಿದ್ದರೆ ಮುಂದಿನ ದಾರಿ ಬೀದಿ ತುದಿಯ ಮೆಡಿಕಲ್ ಶಾಪ್. ಅಲ್ಲಿಗೆ ಹೋಗಿ ಬರಲು ಯಾರೂ ಇಲ್ಲದ ಹೊತ್ತಿನಲ್ಲಿ ನೆನಪಾಗುವುದು ಆಶಾ ಅಕ್ಕ. ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗಳಲ್ಲಿ, ಸಿರುಗುಪ್ಪದ ಭತ್ತದ ಗದ್ದೆಗಳ ನಡುವಿನ ಹಳ್ಳಿಗಳಲ್ಲಿ, ಕುರುಗೋಡಿನ ಕಡೆಯ ಹತ್ತಿ, ಮೆಣಸಿನಕಾಯಿ ಹೊಲಗಳ ನಡುವಿನ ಊರುಗಳಲ್ಲಿ ಈ ಮಾತು ಒಂದೇ: "ಅಕ್ಕಾ, ಎರಡು ಗುಳಿಗೆ ಕೊಡ್ರೀ. ಪವರ್ ಇರೋದು ಕೊಡ್ರೀ."

ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತ ಆಶಾ ಅಕ್ಕ ಏನು ಹೇಳುತ್ತಾಳೆ ಎಂಬುದು ಆ ಮನೆಯ ಆರೋಗ್ಯಕ್ಕೆ ಎಷ್ಟು ಮುಖ್ಯ ಎಂಬುದನ್ನು ನಾವು ಯೋಚಿಸಿಯೇ ಇಲ್ಲ. ಆಕೆ ಡಾಕ್ಟರಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಅದೇ ಊರಿನಿಂದ ಆರಿಸಿದ ಹೆಣ್ಣುಮಗಳು. ಆದರೆ ಜನಾನಾದ ಒಳಗೆ ಬಂದು, ಬಾಣಂತಿಯ ಮಂಚದ ಪಕ್ಕ ಕುಳಿತು ಮಾತಾಡುವವಳು ಆಕೆಯೇ. ಅತ್ತೆಯೂ ಆಕೆಯ ಮಾತು ಕೇಳುತ್ತಾಳೆ. ಲಸಿಕೆಯ ದಿನ ಆಕೆಗೆ ಬಾಯಿಪಾಠ. ತಾಯಿ ಕಾರ್ಡು ತುಂಬಲು ಗೊತ್ತು. ಆಂಟಿಬಯೋಟಿಕ್ ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನೂ ಆಕೆಗೆ, ಎಎನ್‌ಎಂ ಸಿಸ್ಟರಿಗೆ, ಅಂಗನವಾಡಿ ಟೀಚರಿಗೆ ಅಷ್ಟೇ ಚೆನ್ನಾಗಿ ಕಲಿಸಿದರೆ ಊರಿಗೆ ಊರೇ ಕಲಿಯುತ್ತದೆ. ಗೋಡೆಗೆ ಪೋಸ್ಟರ್ ಅಂಟಿಸಿದರೆ ಅಷ್ಟು ಆಗುವುದಿಲ್ಲ.

ಹತ್ತಿ ಹೊಲದ ಪಾಠ

ವಿಷಯ ಕಠಿಣವೇನಲ್ಲ. ನಮ್ಮ ಕಡೆಯ ರೈತರ ಮನೆಯವರಿಗೆ ಇದು ಮೊದಲೇ ಗೊತ್ತಿದೆ. ಹೊಲಕ್ಕೆ ಒಂದೇ ಎಣ್ಣೆಯನ್ನು ವರ್ಷಗಟ್ಟಲೆ ಹೊಡೆದರೆ ಏನಾಗುತ್ತದೆ? ಮೊದಲ ವರ್ಷ ಹುಳು ಉದುರುತ್ತದೆ. ಆಮೇಲಾಮೇಲೆ ಅದೇ ಎಣ್ಣೆಗೆ ಹುಳು ಸಾಯುವುದಿಲ್ಲ. ಬಿಟಿ ಹತ್ತಿ 2002ರಲ್ಲಿ ಬಂದಾಗ ಇನ್ನು ಕಾಯಿಕೊರಕದ ಕಾಟ ಮುಗಿಯಿತು ಅಂದುಕೊಂಡಿದ್ದೆವು. ಗುಲಾಬಿ ಕಾಯಿಕೊರಕ ಅದಕ್ಕೂ ಬಗ್ಗದೆ ತಿರುಗಿ ಬಂತು. ಕೋಟಿ ಹುಳುಗಳಲ್ಲಿ ವಿಷ ತಡೆದುಕೊಳ್ಳುವ ನಾಲ್ಕು ಹುಳು ಇದ್ದೇ ಇರುತ್ತವೆ. ಉಳಿದವು ಸತ್ತ ಮೇಲೆ ಹೊಲವೆಲ್ಲ ಆ ನಾಲ್ಕರ ಸಂತಾನದ್ದು.

ದೇಹದೊಳಗಿನ ಬ್ಯಾಕ್ಟೀರಿಯಾಗಳ ಕಥೆಯೂ ಇದೇ. ಹೊಲದ ಹುಳಕ್ಕೆ ಒಂದು ತಲೆಮಾರು ಮುಗಿಯಲು ವಾರಗಳು ಬೇಕು, ಕೆಲವು ಬ್ಯಾಕ್ಟೀರಿಯಾಗಳಿಗೆ ಅರ್ಧ ಗಂಟೆ ಸಾಕು. ಸಾಲದ್ದಕ್ಕೆ, ಔಷಧವನ್ನು ಎದುರಿಸುವ ಗುಣವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೆ ದಾಟಿಸಿಬಿಡಬಲ್ಲದು. ಇದನ್ನೇ ವೈದ್ಯರು ಎಎಂಆರ್ ಅನ್ನುತ್ತಾರೆ. ಔಷಧಕ್ಕೆ ಬಗ್ಗದ ರೋಗಾಣು ಅಂದರೆ ನಮಗೆ ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಆಳವಾಗಿ ಬೇರೂರಿದೆ. "ನನ್ನ ದೇಹಕ್ಕೆ ಆ ಗುಳಿಗೆ ರೂಢಿಯಾಗಿಬಿಟ್ಟಿದೆ, ಈಗ ಹತ್ತೋದಿಲ್ಲ" ಎನ್ನುತ್ತಾರೆ. ರೂಢಿಯಾದದ್ದು ದೇಹಕ್ಕಲ್ಲ, ರೋಗಾಣುವಿಗೆ. ವ್ಯತ್ಯಾಸ ದೊಡ್ಡದು. ದೇಹಕ್ಕೆ ರೂಢಿಯಾದರೆ ಅದು ನನ್ನೊಬ್ಬಳ ತೊಂದರೆ. ರೋಗಾಣುವಿಗೆ ರೂಢಿಯಾದರೆ ಅದು ನನ್ನಿಂದ ನನ್ನ ಮಗುವಿಗೆ, ಆಸ್ಪತ್ರೆಯ ಪಕ್ಕದ ಮಂಚದವರಿಗೆ, ಚರಂಡಿಯ ಮೂಲಕ ಊರಿಗೆ ಹೋಗುತ್ತದೆ. ಜನ್ಮದಲ್ಲಿ ಆಂಟಿಬಯೋಟಿಕ್ ಮುಟ್ಟದವರಿಗೂ ಅಂಥ ರೋಗಾಣು ತಗಲಬಹುದು. ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಬೇಕಾದ ಮೊದಲ ಮಾತು ಇದೇ ಎಂದು ನನಗನಿಸುತ್ತದೆ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗ ಮಾಡಿದ ಭಾಷಣದಲ್ಲಿಯೇ ಈ ಅಪಾಯವನ್ನು ಹೇಳಿದ್ದರು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಕಾಲ ಬಂದು, ತಿಳಿಯದವರು ಕಡಿಮೆ ಪ್ರಮಾಣದಲ್ಲಿ ನುಂಗಿ ರೋಗಾಣುಗಳನ್ನು ಗಟ್ಟಿ ಮಾಡಿಬಿಟ್ಟಾರು ಎಂಬುದು ಅವರ ಆತಂಕವಾಗಿತ್ತು. ನಮ್ಮ ಬೀದಿ ತುದಿಯ ಅಂಗಡಿಯನ್ನು ನೋಡಿಯೇ ಹೇಳಿದಂತಿದೆ.

ಹೆರಿಗೆ ಕೋಣೆಯವರೆಗೆ

"ಆದರೆ ಆಗಲಿ, ಒಂದು ಗುಳಿಗೆ ಹತ್ತದಿದ್ದರೆ ಇನ್ನೊಂದಿದೆಯಲ್ಲ" ಎನ್ನಬಹುದು ನೀವು. ಅಮೆರಿಕದ ನೆವಾಡಾ ರಾಜ್ಯದಲ್ಲಿ 2016ರ ಸೆಪ್ಟೆಂಬರಿನಲ್ಲಿ 70 ದಾಟಿದ ಮಹಿಳೆಯೊಬ್ಬರು ತೀರಿಕೊಂಡರು. ಭಾರತದಲ್ಲಿದ್ದಾಗ ತೊಡೆಯ ಮೂಳೆ ಮುರಿದು ಇಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ಹೋಗಿದ್ದವರು. ಅವರ ಸೋಂಕಿನ ರೋಗಾಣುವಿನ ಮೇಲೆ ಅಮೆರಿಕದಲ್ಲಿ ಲಭ್ಯವಿದ್ದ 26 ಆಂಟಿಬಯೋಟಿಕ್‌ಗಳನ್ನು ಪರೀಕ್ಷಿಸಿದರು. 26ರಲ್ಲಿ ಒಂದೂ ಕೆಲಸ ಮಾಡಲಿಲ್ಲ. ಅಷ್ಟು ಶ್ರೀಮಂತ ದೇಶ, ಅಷ್ಟು ದೊಡ್ಡ ಆಸ್ಪತ್ರೆ, ಆದರೆ ಕೊಡಲು ಔಷಧವೇ ಇರಲಿಲ್ಲ.

ಹತ್ತಿರದ ಉದಾಹರಣೆ ಬೇಕೇ? ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲೂ ಹೈದರಾಬಾದ್ ಎಂಬ ಊರಿದೆ. 2016ರ ಕೊನೆಯಲ್ಲಿ ಅಲ್ಲಿಂದ ಹಬ್ಬಿದ ಟೈಫಾಯ್ಡ್, ರೂಢಿಯ ಔಷಧಗಳೆಲ್ಲವನ್ನೂ ಮೀರಿಸಿತು. ಬಾಯಿಯಿಂದ ನುಂಗುವ ಔಷಧಗಳಲ್ಲಿ ಕೈಗೆ ಉಳಿದದ್ದು ಅಝಿತ್ರೋಮೈಸಿನ್ ಒಂದೇ. ನಾವು ಇಲ್ಲಿ ಗಂಟಲು ಕೆರೆದರೂ ನುಂಗುವ ಗುಳಿಗೆ ಅದು. ಉಮ್ರಾಕ್ಕೆ ಹೊರಟವರ ಬ್ಯಾಗಿನಲ್ಲಿ ಕೆಮ್ಮಿಗೆಂದು ಎರಡು ಪಟ್ಟಿ ಇಟ್ಟು ಕಳಿಸುವುದೂ ಅದನ್ನೇ. ಪಾಕಿಸ್ತಾನ 2019ರಲ್ಲಿ ಮಕ್ಕಳಿಗೆ ಟೈಫಾಯ್ಡ್ ಲಸಿಕೆಯನ್ನು ಸರಕಾರದ ವತಿಯಿಂದಲೇ ಹಾಕಲು ಶುರುಮಾಡಬೇಕಾಯಿತು.

ಹೆಣ್ಣುಮಕ್ಕಳಾದ ನಮಗೆ ಇದು ಇನ್ನೂ ಹತ್ತಿರದ ವಿಷಯ. ಸಿಸೇರಿಯನ್ ಹೆರಿಗೆ ಇಂದು ಸುರಕ್ಷಿತವಾಗಿದ್ದರೆ ಅದರ ಹಿಂದೆ ಆಂಟಿಬಯೋಟಿಕ್ ಇದೆ. ಬಾಣಂತಿ ನಂಜು ಎಂಬ ಮಾತು ನಮ್ಮ ನಾನಿಯರ ಕಾಲದಲ್ಲಿ ಸಾವಿನ ಮಾತಾಗಿತ್ತು. ಈಗ ಅಷ್ಟಾಗಿ ಕೇಳಿಬರುತ್ತಿಲ್ಲ ಎಂದರೆ ಅದಕ್ಕೆ ಸ್ವಚ್ಛ ಹೆರಿಗೆಯ ಜೊತೆಗೆ ಈ ಔಷಧಗಳೂ ಕಾರಣ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಜಿಲ್ಲೆಯೇ ನಡುಗಿತು. ಅಲ್ಲಿ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ದ್ರಾವಣದ ಮೇಲೆ, ಅದು ಬೇರೆಯೇ ವಿಷಯ. ಆದರೆ ತಾಯಿಯಿಲ್ಲದ ಹಸುಗೂಸು ಒಂದು ಮನೆಯಲ್ಲಿ ಅಂದರೆ ಏನೆಂಬುದನ್ನು ಬಳ್ಳಾರಿಯವರಿಗೆ ಯಾರೂ ವಿವರಿಸಬೇಕಿಲ್ಲ.

ಹಸುಗೂಸುಗಳ ಸ್ಥಿತಿ ಇನ್ನೂ ನಾಜೂಕು. ದಿಲ್ಲಿಯ 3 ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತದ ಸೋಂಕನ್ನು ವರ್ಷಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೇನೆಂದರೆ, ಅತಿ ಹೆಚ್ಚು ಕಂಡುಬಂದ ರೋಗಾಣುವಿನ ಬಹುಪಾಲು ತಳಿಗಳು ಹಲವು ಔಷಧಗಳಿಗೆ ಒಟ್ಟಿಗೇ ಬಗ್ಗದಂಥವು. ಹುಟ್ಟಿ ಎರಡು ದಿನವಾದ ಮಗು ಯಾವ ಗುಳಿಗೆಯನ್ನೂ ದುರುಪಯೋಗ ಮಾಡಿರುವುದಿಲ್ಲ. ಜಗತ್ತಿನಲ್ಲಿ ಒಟ್ಟು ಎಷ್ಟು ಸಾವು ಎಂದು ಕೇಳಿದರೆ, 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜಿನ ಪ್ರಕಾರ ನೇರವಾಗಿ ಇದೇ ಕಾರಣಕ್ಕೆ 2019ರ ಒಂದೇ ವರ್ಷದಲ್ಲಿ ಸುಮಾರು 12.7 ಲಕ್ಷ.

ಸೂಜಿ ಏಕೆ ಬೇಕಾಗುತ್ತದೆ?

ಜನ ಅಜ್ಞಾನಿಗಳು, ಆದ್ದರಿಂದ ಹೀಗಾಗುತ್ತಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಬಳ್ಳಾರಿಯ ಮನೆಗಳಲ್ಲಿ ಜೀನ್ಸ್ ಪ್ಯಾಂಟಿಗೆ ದಾರ ಕತ್ತರಿಸುವ, ಹೊಲಿಯುವ ಹೆಣ್ಣುಮಗಳಿಗೆ ಎಷ್ಟು ಪೀಸ್ ಆಯಿತೋ ಅಷ್ಟು ಕೂಲಿ. ಮೂರು ದಿನ ಮಲಗಿದರೆ ಮೂರು ದಿನದ ಅಡಿಗೆಗೆ ಪೆಟ್ಟು. ಸಿರುಗುಪ್ಪದ ಕಡೆ ನಾಟಿ ಹಂಗಾಮಿನಲ್ಲಿ ಜ್ವರ ಬಂದ ಕೂಲಿಯವಳಿಗೂ ಅಷ್ಟೇ. ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸುಮಾರು 55 ಕಿ.ಮೀ. ಬಸ್ಸಿನ ಖರ್ಚು, ಚೀಟಿಗೆ ಸಾಲು, ಅರ್ಧ ದಿನ ಹೋಯಿತು. ಊರಲ್ಲೇ ಸೂಜಿ ಹಾಕುವ ಆರ್‌ಎಂಪಿ ಡಾಕ್ಟರ್ ಸಂಜೆಗೆ ಸಿಗುತ್ತಾನೆ, ಸಾಲ ಬೇಕಾದರೂ ಹೇಳುತ್ತಾನೆ. ಒಂದು ಸೂಜಿ, ಒಂದು ಗ್ಲೂಕೋಸ್ ಬಾಟ್ಲಿ, ನಾಲ್ಕು ಬಣ್ಣದ ಗುಳಿಗೆ. ಎರಡು ದಿನಕ್ಕೆ ಜ್ವರ ಬಿಡುತ್ತದೆ. ವೈರಸ್ ಜ್ವರ ಹೇಗೂ ಕೆಲವು ದಿನಕ್ಕೆ ತಾನಾಗಿ ಬಿಡುತ್ತಿತ್ತು, ಹೆಸರು ಸೂಜಿಗೆ ಬಂತು.

ಆದ್ದರಿಂದ "ಆಂಟಿಬಯೋಟಿಕ್ ತಗೋಬೇಡಿ" ಎಂದು ಆಶಾ ಅಕ್ಕನ ಬಾಯಲ್ಲಿ ಹೇಳಿಸಿದರೆ ಸಾಲದು. ಬೇಡ ಎನ್ನುವವಳ ಕೈಯಲ್ಲಿ ಅದರ ಬದಲಿಗೆ ಕೊಡುವಂಥದ್ದೇನಾದರೂ ಇರಬೇಕು. ಅದು ಇದೆ, ಮತ್ತು ಆಕೆಯ ಮೂಲ ತರಬೇತಿಯಲ್ಲೇ ಇದೆ.

ಮಗುವಿಗೆ ಕೆಮ್ಮು, ನೆಗಡಿ ಎಂದು ನೀವು ಹೇಳಿದಾಗ ಆಕೆ ಮಾಡಬೇಕಾದದ್ದು ಉಸಿರು ಎಣಿಸುವುದು. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಬೇಕು. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಬಿಡುವುದು, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಕು ಇವು ತಡಮಾಡಬಾರದ ಲಕ್ಷಣಗಳು. ಆಗ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ಬೇಗ ಬೇಕು. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಲೇಖನ ಓದಿ ಯಾರಾದರೂ ನ್ಯುಮೋನಿಯಾದ ಮಗುವಿಗೆ ಔಷಧ ತಡೆದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಈ ಲಕ್ಷಣ ಯಾವುದೂ ಇಲ್ಲದ ಸಾದಾ ನೆಗಡಿ ಕೆಮ್ಮಿಗೆ ಎದೆಹಾಲು, ಬೆಚ್ಚಗಿನ ನೀರು, ಜ್ವರವಿದ್ದರೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು.

ಭೇದಿಗೂ ಹಾಗೆಯೇ. ಮಕ್ಕಳ ನೀರು ಭೇದಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ. ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್, ಜೊತೆಗೆ 14 ದಿನ ಸತುವಿನ ಗುಳಿಗೆ (6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳ ಕೂಸಿಗೆ 10). ಭೇದಿ ಎರಡು ದಿನಕ್ಕೆ ನಿಂತಿತೆಂದು ಸತುವನ್ನು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ ಮಾತ್ರ ವಿಷಯ ಬೇರೆ, ಡಾಕ್ಟರಿಗೇ ತೋರಿಸಬೇಕು. ಡೆಂಗಿ, ಚಿಕುನ್‌ಗುನ್ಯಾ ವೈರಸ್ಸಿನವು, ಅವುಗಳ ಮೇಲೆ ಆಂಟಿಬಯೋಟಿಕ್ ಕೆಲಸವೇ ಮಾಡದು.

ಕ್ಷಯದ ವಿಷಯದಲ್ಲಿ ನಮ್ಮ ಕಾರ್ಯಕರ್ತೆಯರು ಈ ಪಾಠವನ್ನು ಆಗಲೇ ಕಲಿತು ಮುಗಿಸಿದ್ದಾರೆ. ಮಧ್ಯದಲ್ಲಿ ಗುಳಿಗೆ ಬಿಟ್ಟರೆ ಗಟ್ಟಿ ಟಿಬಿ ಬರುತ್ತದೆ, ಅದಕ್ಕೆ ಹೆಚ್ಚು ಕಷ್ಟದ ಚಿಕಿತ್ಸೆ ಬೇಕು ಎಂದು ಆರು ತಿಂಗಳು ಮನೆಗೆ ನಡೆದು ಗುಳಿಗೆ ನುಂಗಿಸುತ್ತಾರೆ. ಆ ತಿಳಿವಳಿಕೆಯನ್ನು ಉಳಿದ ಔಷಧಗಳಿಗೆ ಹೊಂದಿಸಿ ಹೇಳಿಕೊಡುವುದಷ್ಟೇ ಬಾಕಿ. ಒಂದು ಎಚ್ಚರವೂ ಇದೆ. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಡಾಕ್ಟರ್ 3 ದಿನ ಅಂದರೆ 3, 7 ಅಂದರೆ 7. ನಡುವೆ ಆರಾಮಾಯಿತೆಂದು ಬಿಡುವುದೂ ಬೇಡ, ಇರಲಿ ಎಂದು ಇನ್ನೆರಡು ದಿನ ಎಳೆಯುವುದೂ ಬೇಡ.

ತರಬೇತಿ ಯಾವ ಭಾಷೆಯಲ್ಲಿ?

ಇಲ್ಲೊಂದು ದೂರು ನನ್ನದೂ ಇದೆ. ಸರಕಾರಿ ಕರಪತ್ರಗಳ ಕನ್ನಡ ಓದಿದರೆ ಕನ್ನಡ ಮೇಷ್ಟ್ರಿಗೂ ತಲೆನೋವು ಬಂದೀತು. "ಪ್ರತಿಜೀವಕ ನಿರೋಧಕತೆ" ಎಂದರೆ ಕೌಲ್ ಬಜಾರಿನ ಯಾವ ದಾದಿಗೆ ಅರ್ಥವಾಗಬೇಕು? ಈ ಭಾಗದಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ನಮ್ಮ ದಖನಿ ಉರ್ದು ಮೂರೂ ಇವೆ. "ದವಾ ಜರಾಸೀಮ್ ಪೆ ಅಸರ್ ನೈ ಕರ್ತಿ" ಎಂದು ಹೇಳಿದರೆ ಅಡಿಗೆ ಮನೆಯಲ್ಲಿ ಕುಳಿತವಳಿಗೆ ತಟ್ಟನೆ ಹೊಳೆಯುತ್ತದೆ. ಆಶಾ ಅಕ್ಕ ಉರ್ದು ಬಾರದವಳಾದರೆ ಮನೆಯ ಓದಿದ ಹುಡುಗಿ ನಡುವೆ ನಿಂತು ಹೇಳಬಹುದು. ಮಹಿಳೆಯರು ಸೇರುವ ಯಾವುದೇ ಕೂಟಕ್ಕೆ ಎಎನ್‌ಎಂ ಸಿಸ್ಟರನ್ನು ಅರ್ಧ ಗಂಟೆ ಕರೆಯಬಹುದು. ಕರೆದರೆ ಬರುತ್ತಾರೆ. ಜೊತೆಗೆ ಇದೂ ನೆನಪಿರಲಿ: ಗೌರವಧನ ಹೆಚ್ಚಿಸಿ ಎಂದು ಇದೇ ಆಶಾ ಅಕ್ಕಂದಿರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತಿದ್ದರು. ಹೊಸ ಹೊಣೆ ಹೊರಿಸುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಕ್ಕದ ಕೇರಳ ಈ ದಾರಿಯಲ್ಲಿ ಮುಂದೆ ಹೋಗಿದೆ. 2018ರಲ್ಲೇ ತನ್ನದೇ ರಾಜ್ಯ ಯೋಜನೆ ಮಾಡಿಕೊಂಡಿತು. 2024ರಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಾಳಿ ನಡೆಸಿತು, ಈ ಗುಳಿಗೆಗಳನ್ನು ನೀಲಿ ಕವರಿನಲ್ಲೇ ಕೊಡಬೇಕೆಂದಿತು. ಗುರುತು ಸಿಗಲಿ ಎಂದು ಅಷ್ಟೇ, ಆದರೆ ಎಷ್ಟು ಸರಳ ಉಪಾಯ!

ಸಹೋದರಿಯರಿಗೆ ಎರಡು ಖಾಸಗಿ ಮಾತು

ಉರಿಮೂತ್ರ ನಮ್ಮಲ್ಲಿ ಸಾಮಾನ್ಯ. ಹೊಲಿಗೆಯ ಕೆಲಸದಲ್ಲಿ, ಪ್ರಯಾಣದಲ್ಲಿ, ಮದುವೆ ಮನೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರೇ ಕುಡಿಯದೆ ತಡೆದುಕೊಳ್ಳುತ್ತೇವೆ. ಆಮೇಲೆ ಡಾಕ್ಟರಿಗೆ ಹೇಳಲು ನಾಚಿಕೆ. ಗಂಡನ ಕೈಯಲ್ಲಿ ಹಳೆಯ ಪಟ್ಟಿಯ ಖಾಲಿ ತಗಡು ಕೊಟ್ಟು "ಇದನ್ನೇ ತನ್ನಿ" ಎಂದು ಕಳಿಸುತ್ತೇವೆ. ಈ ಸೋಂಕಿಗೆ ಸಾಮಾನ್ಯ ಕಾರಣವಾದ ಇ-ಕೋಲಿ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ಅಂಥ ಹಳೆಯ ಗುಳಿಗೆಗಳಿಗೆ ಬಹಳ ಮಟ್ಟಿಗೆ ಬಗ್ಗದಂತಾಗಿದೆ. ಮತ್ತೆ ಮತ್ತೆ ಬರುತ್ತಿದ್ದರೆ ಗುಳಿಗೆ ಶುರುಮಾಡುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಬಳ್ಳಾರಿಯ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದರ ಪ್ರಯೋಗಾಲಯ ಇರುತ್ತದೆ. ಗರ್ಭಿಣಿಯರಂತೂ ಇದನ್ನು ಮುಚ್ಚಿಡಲೇಬಾರದು.

ಇನ್ನೊಂದು ರಮಝಾನಿನದು. ದಿನಕ್ಕೆ ಮೂರು ಹೊತ್ತಿನ ಆಂಟಿಬಯೋಟಿಕ್ ಬರೆದುಕೊಟ್ಟಿದ್ದರೆ ಮಧ್ಯಾಹ್ನದ್ದನ್ನು ಬಿಟ್ಟು, ಸಹರಿಗೊಂದು ಇಫ್ತಾರಿಗೊಂದು ನುಂಗಿ ಸುಮ್ಮನಾಗುವವರು ಬಹಳ. ಎರಡು ಹೊತ್ತಿನ ನಡುವೆ ಅಂತರ ಹೆಚ್ಚಾದರೆ ರಕ್ತದಲ್ಲಿ ಔಷಧದ ಮಟ್ಟ ಇಳಿದು, ಹತ್ತಿ ಹೊಲದ ಆ ನಾಲ್ಕು ಹುಳುಗಳಿಗೆ ಹಬ್ಬವಾಗುತ್ತದೆ. "ಡಾಕ್ಟರ್ ಸಾಬ್, ನನಗೆ ರೋಜಾ ಇದೆ" ಎಂದು ಮೊದಲೇ ಹೇಳಿ. ಹಲವು ಸೋಂಕುಗಳಿಗೆ ದಿನಕ್ಕೆ ಒಂದು ಅಥವಾ ಎರಡು ಸಲದ ಔಷಧ ಸಿಗುತ್ತದೆ. ಸಿಗದಿದ್ದರೆ, ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ಗುಣವಾದ ಮೇಲೆ ಆ ದಿನಗಳನ್ನು ಪೂರೈಸಬಹುದು ಎಂಬುದು ನಿಮಗೇ ಗೊತ್ತಿದೆ.

ಡಬ್ಬಿಯನ್ನು ಈಗಲೇ ಕೆಳಗಿಳಿಸಿ

ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದೆಯೇ? 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಪ್ರಚಾರ ಮಾಡಿದ್ದು ಇದನ್ನೇ. ಕೆಂಪು ಗೆರೆ ಅಂದರೆ ಡಾಕ್ಟರ ಚೀಟಿಯಿಲ್ಲದೆ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅದರಲ್ಲೂ ಕೆಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು 2014ರ ಮಾರ್ಚ್ 1ರಿಂದ ಎಚ್1 ಎಂಬ ಪಟ್ಟಿಗೆ ಸೇರಿಸಲಾಗಿದೆ. ಇವುಗಳನ್ನು ಮಾರುವ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ನಿಮ್ಮ ಹೆಸರು ಯಾರೂ ಬರೆದುಕೊಳ್ಳದೆ ಗುಳಿಗೆ ಕೈಗೆ ಬಂದಿದ್ದರೆ ಅಲ್ಲೇ ನಿಯಮ ಮುರಿದಂತೆ.

ಕೆಂಪು ಗೆರೆಯವು ಯಾವುವು, ಅಲ್ಲದವು ಯಾವುವು ಎಂದು ಬೇರೆ ಮಾಡಿ. ಪುಡಿಗೆ ನೀರು ಬೆರೆಸಿ ಮಾಡಿದ ಮಕ್ಕಳ ಸಿರಪ್ ಲೇಬಲ್ಲಿನಲ್ಲಿ ಹೇಳಿದ ದಿನ ಕಳೆದಿದ್ದರೆ ಮುಂದಿನ ಜ್ವರಕ್ಕೆಂದು ಇಡಬೇಡಿ. ಉಳಿದ ಗುಳಿಗೆಗಳನ್ನು ಬಚ್ಚಲಿಗೋ ಚರಂಡಿಗೋ ಸುರಿಯಬೇಡಿ, ನೀರಿನಲ್ಲಿರುವ ರೋಗಾಣುಗಳಿಗೂ ಅದು ಅಭ್ಯಾಸವಾಗುತ್ತದೆ. ಒಂದು ಕವರಿಗೆ ಹಾಕಿ ಗಂಟು ಕಟ್ಟಿಡಿ. ಮುಂದಿನ ಸಲ ಆಶಾ ಅಕ್ಕ ಮಗುವಿನ ಲಸಿಕೆ ನೆನಪಿಸಲು ಬಂದಾಗ ಅದನ್ನು ಆಕೆಯ ಮುಂದಿಟ್ಟು, "ಆಪಾ, ಇವುಗಳಲ್ಲಿ ಯಾವುದು ಯಾತಕ್ಕೆ? ಇವನ್ನು ಎಲ್ಲಿಗೆ ಕೊಡಬೇಕು?" ಎಂದು ಕೇಳಿ. ಆಕೆಗೆ ಗೊತ್ತಿಲ್ಲದಿದ್ದರೆ ಆಸ್ಪತ್ರೆಯ ಮೀಟಿಂಗಿನಲ್ಲಿ ವೈದ್ಯಾಧಿಕಾರಿಯನ್ನು ಕೇಳಿಕೊಂಡು ಬರುತ್ತಾಳೆ. ಸಿರುಗುಪ್ಪದ ಹತ್ತು ಮನೆಗಳಿಂದ, ಕುರುಗೋಡಿನ ಹತ್ತು ಮನೆಗಳಿಂದ, ಕೌಲ್ ಬಜಾರಿನ ಹತ್ತು ಮನೆಗಳಿಂದ ಇದೇ ಪ್ರಶ್ನೆ ಆ ಮೀಟಿಂಗಿಗೆ ಹೋದರೆ ಉತ್ತರ ಹುಡುಕಲೇಬೇಕಾಗುತ್ತದೆ.